ನಾದಿನಿಯ ಸಾಕ್ಷಿ

ಕೊಪ್ಪದ ಬಸ್ ನಿಲ್ದಾಣದಲ್ಲಿ ಅಡ್ಡಗದ್ದೆಯ ವೆಂಕಮ್ಮ ಶೃಂಗೇರಿ ಬಸ್ಸಿಗೆ ಕಾಯುತ್ತಿದ್ದರು. ಕೋರ್ಟಿನಿಂದ ನೇರವಾಗಿ ಬಂದ ಇಬ್ಬರು ಹೆಂಗಸರು ಅದೇ ಬೆಂಚಿನಲ್ಲಿ ಕುಳಿತಾಗ, ಅವರ ಮಾತು ಕೇಳಿಸಿಕೊಳ್ಳದೆ ಇರಲು ವೆಂಕಮ್ಮನಿಂದ ಆಗಲಿಲ್ಲ.

"ಜಡ್ಜು ಜೀವನಪೂರ್ತಿ ಅಂದ್ರಲ್ಲ ಸುಮನಾ, ನೀನು ಸರಿಯಾಗಿ ಕೇಳಿಸ್ಕೊಂಡ್ಯಾ?" ಹಿರಿಯಾಕೆ ಕೇಳಿದರು.

"ಕೇಳಿಸ್ಕೊಂಡೆ ಅತ್ತಿಗೆ. ಡೈವೋರ್ಸ್ ಆದ್ರೂ ನೀವಿರೋವರೆಗೆ ಅಣ್ಣ ತಿಂಗಳು ತಿಂಗಳು ಜೀವನಾಂಶ ಕೊಡ್ಲೇಬೇಕು."

"ಬಿಪಿ ಮಾತ್ರೆಗೂ ತಮ್ಮನ ಮುಖ ನೋಡೋದು ತಪ್ಪಿತು ಮಾರಾಯ್ತಿ."

"ಇನ್ನಾದ್ರೂ ನಿಶ್ಚಿಂತೆಯಾಗಿ ನಿದ್ದೆ ಮಾಡಿ."

"ನನ್ನ ಪರ ಸಾಕ್ಷಿ ಹೇಳಿದ್ದಕ್ಕೆ ನಿಮ್ಮಣ್ಣ ನಿನ್ನ ಹತ್ರ ಮಾತೇ ಬಿಟ್ರಲ್ಲ."

"ಮೂವತ್ತು ವರ್ಷ ನೀವು ಆ ಮನೇಲಿ ದುಡಿದಿದ್ದನ್ನ ಕಣ್ಣಾರೆ ಕಂಡೋಳು ನಾನು. ಕಂಡಿಲ್ಲ ಅಂತ ಹೆಂಗೆ ಹೇಳ್ಲಿ?"

"ಇನ್ನು ನಾನು ನಿಂಗೆ ಅತ್ತಿಗೆ ಅಲ್ಲ ಕಣೆ."

"ನಿಮ್ಮನ್ನ ಬಿಟ್ಟಿದ್ದು ಅಣ್ಣ. ನಾನು ಬಿಟ್ಟಿಲ್ಲ."

ಹಿರಿಯಾಕೆ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕರು. ಅಷ್ಟರಲ್ಲಿ ನರಸಿಂಹರಾಜಪುರದ ಪ್ರೈವೇಟ್ ಬಸ್ ಬಂತು. ಇಬ್ಬರೂ ಹತ್ತಿ ಒಂದೇ ಸೀಟಿನಲ್ಲಿ ಕುಳಿತರು. ಗುರುತಿಲ್ಲದವರಾದರೂ ವೆಂಕಮ್ಮನ ಎದೆ ಹಗುರಾಯಿತು. ಬಸ್ ಹೊರಡುವಾಗ ಹಿರಿಯಾಕೆ ಕಂಡಕ್ಟರಿಗೆ ಹೇಳಿದ್ದು ಕಿಟಕಿಯಿಂದ ಕೇಳಿಸಿತು:

"ಅವಳ ಹತ್ರ ತಗೋಬೇಡಿ. ಇಬ್ಬರದ್ದೂ ನಾನೇ ಕೊಡ್ತೀನಿ."