ಬಾವುಟಕ್ಕೆ ಒಂದು ಹೊಲಿಗೆ ಬಾಕಿ

ಮಾಲ್ಟಾದ ಪಿಯೆಟಾ ದಂಡೆಯಲ್ಲಿ ಮಧ್ಯಾಹ್ನದಿಂದ ಬಿಡದ ಮಳೆ. ದೋಣಿ ಇಳಿಸಲಾಗದ ನೆರೆಯವರು ಮುದುಕಿ ಫಿಲುಮೆನಾಳ ಅಡುಗೆಮನೆಗೆ ನುಗ್ಗಿ, ಕುಂಬಳಕಾಯಿ ಸಾರು ಕುಡಿಯುತ್ತ ಕತೆಗಾಗಿ ಕಾಡಿದರು. ಅವಳು ಕೈಯಲ್ಲಿ ಸೂಜಿ ಹಿಡಿದೇ ಮಡಿಲಲ್ಲಿದ್ದ ಕರಿ ಬಾವುಟ ಸವರಿದಳು. ತಲೆಬುರುಡೆಯ ಚಿತ್ರ, ಕೆಳಗೆ ಬಿಳಿ ಪಟ್ಟಿಗಳ ಸಾಲು. ಕೊನೆಯ ಪಟ್ಟಿಯ ಒಂದು ಮೂಲೆ ಮಾತ್ರ ಹೊಲಿಗೆಯಿಲ್ಲದೆ ಜೋತಿತ್ತು.

"ಯುದ್ಧದ ಕಾಲ... ಎದುರಿನ ದ್ವೀಪದಲ್ಲಿ ಇಂಗ್ಲಿಷರ ಪುಟ್ಟ ಸಬ್‌ಮರೀನುಗಳು ನಿಲ್ತಿದ್ವು. ಹೊಸಬರಿಗೆ ಪಾಠ ಹೇಳೋಕೆ ಅಂತ ಕಟ್ಟಿದ್ದವು ಕಣ್ರೋ, ಅವನ್ನೇ ಯುದ್ಧಕ್ಕೆ ತಳ್ಳಿದ್ರು. ಟಾರ್ಪಿಡೋ ಬಿಟ್ಟ ತಕ್ಷಣ ಮೂತಿ ಹಗುರಾಗಿ ನೀರಿನ ಮೇಲೆದ್ದುಬಿಡೋದು, ಇಲ್ಲಿದ್ದೀನಿ ಬಾ ಹೊಡಿ ಅಂತ ಕರೆದ ಹಾಗೆ... ಅಂಥಾ ಡಬ್ಬಿಯೊಳಗೆ ಮೂವತ್ತು ಜನ. ನಮ್ಮ ಜೆಪ್ಪಾ ಚಿಕ್ಕಮ್ಮನನ್ನ ಮದುವೆಯಾಗಬೇಕಿದ್ದ ವಿಲ್ಫ್ ಅದರಲ್ಲೊಬ್ಬ. ಒಂದು ಹಡಗು ಮುಳುಗಿಸಿದ್ರೆ ಕಡಲ್ಗಳ್ಳರ ಥರದ ಈ ಬಾವುಟಕ್ಕೊಂದು ಬಿಳಿ ಪಟ್ಟಿ. ಅದನ್ನ ಹಾರಿಸಿಕೊಂಡೇ ಬಂದರಿಗೆ ವಾಪಸ್ ಬರೋದು ಅವರ ಪದ್ಧತಿ. ಹೊಲಿಯೋಳು ಚಿಕ್ಕಮ್ಮ."

"ನಿನ್ನ ಹೊಲಿಗೆ ನೋಡಿದೀನಿ, ಅವಳದಾದ್ರೂ ನೆಟ್ಟಗಿತ್ತಾ?" ಸಾಲ್ವು ಎಂಬ ಮೀನುಗಾರ ಕೆಣಕಿದ.

"ಬಾಯಿ ಮುಚ್ಕೊಂಡು ಸಾರು ಕುಡಿಯೋ... ಕೊನೇ ಸಲ, ಹೊಲಿಗೆ ಮುಗಿಯೋ ಮುಂಚೆನೇ ಹೊರಡೋ ಅಪ್ಪಣೆ ಬಂತು. ಇಟ್ಕೊಂಡಿರು, ಬಂದು ತಗೋತೀನಿ ಅಂದು ಹೋದ. ಹೋದವರು ಯಾರೂ ಬರಲಿಲ್ಲ. ಆಮೇಲೆ ಒಂದು ಮಳೆ ಸಂಜೆ ಬಾಗಿಲು ತಟ್ಟಿದ್ದು ಯಾರು ಅಂತೀರಿ? ವಿಲ್ಫೇ. ಮೈಯೆಲ್ಲ ನೀರು. 'ಬಂದರಿನ ಬಾಯಲ್ಲಿ ನಿಂತಿದ್ದೀವಿ ಜೆಪ್ಪಾ, ಬಾವುಟ ಇಲ್ದೆ ಒಳಗೆ ಬರೋ ಹಾಗಿಲ್ಲ. ಹೊಲಿಗೆ ಆಯ್ತಾ?' ಬಾವುಟ ಕೊಟ್ರೆ ಸತ್ತೋರೆಲ್ಲ ದಡ ಸೇರಿ ನೆಮ್ಮದಿಯಾಗಿ ಮಲಗ್ತಾರೆ, ಇವನು ಮತ್ತೆ ಬರಲ್ಲ... ಅವಳಿಗದು ತಿಳೀತು. 'ಒಂದು ಹೊಲಿಗೆ ಬಾಕಿ, ಮುಂದಿನ ಮಳೆಗೆ ಬಾ' ಅಂದ್ಲು. ಕೂದಲು ನರೆತು ಸಾಯೋವರೆಗೂ ಅದನ್ನೇ ಅಂದ್ಲು. ಇವಳೊಬ್ಬಳ ಆಸೆಗೆ ಅಷ್ಟು ಜನ ತಾಯಂದಿರ ಮಕ್ಕಳು ತಣ್ಣೀರಲ್ಲಿ ಕಾದ್ರು..."

"ಅವಳು ಹೋದ ಮೇಲೆ ನೀನಾದ್ರೂ ಮುಗಿಸಬಾರದಿತ್ತಾ?" ಸಾಲ್ವುವಿನ ದನಿ ತಗ್ಗಿತ್ತು.

"ಸೂಜಿ ಹಿಡ್ಕೊಂಡೇ ಬಾಗಿಲು ತೆಗೆದೆ ಕಣೋ. ವಿಲ್ಫ್ ನಿಂತಿದ್ದ, ಮೀಸೆ ಬಲಿಯದ ಅದೇ ಹುಡುಗ. ಅವನ ಬೆನ್ನ ಹಿಂದೆ ಚಿಕ್ಕಮ್ಮ. ಬಿಳಿ ಕೂದಲಿಂದ ನೀರು ಸುರೀತಿತ್ತು... ಹೊಲೀಬೇಡ, ಇವನು ನನ್ನ ಕೈತಪ್ಪಿ ಹೋಗ್ತಾನೆ ಅಂತ ನನಗೆ ಕೈ ಮುಗಿದ್ಲು. ಹೇಗೆ ಹೊಲೀಲಿ, ಹೇಳಿ?"

ಬಾಗಿಲು ತಟ್ಟಿದ ಸದ್ದಾಯಿತು. ಯಾರೂ ಏಳಲಿಲ್ಲ. ಫಿಲುಮೆನಾ ಸೂಜಿಯನ್ನು ಬಾವುಟಕ್ಕೆ ಸಿಕ್ಕಿಸಿಟ್ಟು, ಬಾಗಿಲ ಕಡೆಗೆ ಮೆಲ್ಲಗೆ ಹೇಳಿದಳು: "ಒಂದು ಹೊಲಿಗೆ ಬಾಕಿ ಮಗಾ, ಮುಂದಿನ ಮಳೆಗೆ ಬಾ."

ಹೊಸ್ತಿಲಡಿಯಿಂದ ನೀರು ಹರಿದು ಬಂದು ಸಾಲ್ವುವಿನ ಪಾದ ಮುಟ್ಟಿತು.

"ಮಳೆ ನೀರು ತಾನೇ?" ಎಂದ ಅವನು.

"ನಾಲಗೆಗೆ ಹಚ್ಚಿ ನೋಡು... ಉಪ್ಪಿರುತ್ತೆ."