ನಗೆಮೊಗದ ರಾಣಿ

ಬ್ಯಾಡವ್ವ, ಕಾಫಿ ಬ್ಯಾಡ... ನಾಲ್ಕೂವರೆ ಗಾಡಿಗೆ ನಾನು ವಾಪಸ್ ದಾವಣಗೆರೆಗೆ ಹೋಗಬೇಕು. ನೀನು ಕೂತ್ಕೊ, ಸರ್ವಮಂಗಳಾ. ನಿಮ್ಮತ್ತೆ ಒಳಗದಾರಾ? ಇರ್ಲಿ, ಮೆತ್ತಗೆ ಮಾತಾಡ್ತೀನಿ. ನೀನು ಕಾಲೇಜು ಬಿಟ್ಟು ಐದು ವರ್ಷ ಆತು, ಈಗ ಈ ಬಕ್ಕೇಶಪ್ಪ ಮೇಷ್ಟ್ರು ಹರಿಹರಕ್ಕೆ ಯಾಕ ಹುಡುಕ್ಕೊಂಡು ಬಂದ್ರು ಅಂತ ನೋಡ್ತಿದೀಯ.

ಪತ್ರಿಕೆಯಾಗ ಬಂದ ನನ್ನ ಲೇಖನ ಕಂಡೆಯಾ? ತಲೆ ಆಡಿಸ್ತೀಯ... ಓದಿದೀಯ ಹಂಗಾದ್ರೆ. ನಿಂದೇ ಅದು. ಒಂದಕ್ಷರ ಬದಲಾಯಿಸಿಲ್ಲ. ಹೆಸರೊಂದು ಬಿಟ್ಟು.

ಆವತ್ತು ಕ್ಲಾಸಿನಾಗ ಆ ಹಳೇ ಕಾವ್ಯ ಪಾಠ ಮಾಡ್ತಿದ್ದೆ. ಗಂಡ ಅರಮನೆಯಾಗ ಕೂಡಿಹಾಕಿದ ರಾಣಿ. ಕವಿ ಅವಳನ್ನ ಅಲ್ಲಲ್ಲಿ 'ನಗೆಮೊಗದ ರಾಣಿ' ಅಂತಾನೆ. ಛಂದಸ್ಸು ತುಂಬ್ಸಾಕೆ ಹಾಕಿದ ಮಾತು, ಅರ್ಥ ಹುಡುಕಬ್ಯಾಡ್ರಿ ಅಂದೆ ನಾನು. ನೀನು ಎದ್ದು ನಿಂತೆ. 'ಹನ್ನೊಂದು ಸಲ ಬರ್ತೈತೆ ಸರ್. ಹನ್ನೊಂದು ಸಲಾನೂ ಅವಳ ಎದುರಿಗೆ ಯಾರಾದ್ರೂ ಇರ್ತಾರೆ. ಒಬ್ಬಳೇ ಇದ್ದಾಗ ಬರೀ ರಾಣಿ' ಅಂದೆ. ಅರವತ್ತು ಹುಡುಗ್ರು ನನ್ನ ಮುಖ ನೋಡಿದ್ರು. ಇಪ್ಪತ್ತು ವರ್ಷ ಅದನ್ನೇ ಪಾಠ ಮಾಡಿದ್ದೆ, ನನಗೆ ಕಂಡಿರಲಿಲ್ಲ.

ಆಮೇಲೆ ನೀನು ಬರೋದು ನಿಂತುಹೋತು. ನಿನ್ನ ನೋಟುಬುಕ್ಕು ನನ್ನ ಮೇಜಿನ ಮ್ಯಾಲೆ ಉಳೀತು. ಅದ್ರಾಗ ನೀನು ಬರೆದಿದ್ದನ್ನ ಹೋದ ವರ್ಷ ನನ್ನ ಹೆಸರಿನಾಗ ಪತ್ರಿಕೆಗೆ ಕಳಿಸಿದೆ. ಆವಾಗಿಂದ ಸಿಕ್ಕಿಹಾಕ್ಕೊಂಡಿದೀನಿ. ಬರೋ ಭಾನುವಾರ ದೊಡ್ಡ ದೊಡ್ಡ ವಿದ್ವಾಂಸರ ಮುಂದೆ ಅದೇ ಕವಿಯ ಇನ್ನೊಂದು ಮಾತು ಹಿಡಿದು ಭಾಷಣ ಮಾಡಬೇಕಂತೆ. ಆಗಲ್ಲ ಅಂದ್ರೆ ಯಾಕ ಅಂತ ಕೇಳ್ತಾರೆ. ಎರಡು ತಿಂಗಳಿಂದ ಪುಸ್ತಕ ತೆರೆದಿಟ್ಕೊಂಡು ಕೂತಿದೀನಿ, ಏನೂ ಕಾಣವಲ್ದು. ಒಂದು ಮಾತು ತೋರಿಸಿಕೊಡು, ತಾಯಿ. ಈ ಸಲ ನಿನ್ನ ಹೆಸರು ಹೇಳ್ತೀನಿ...



ನಿನ್ನ ಕಷ್ಟ ನನಗೂ ಗೊತ್ತೈತೆ. ಮದುವೆ ಆದಮೇಲೆ ಈ ಹೊಸ್ತಿಲು ದಾಟಿ ಹೊಳೆ ತನಕಾನೂ ಹೋಗಿಲ್ಲಂತೆ, ಪಕ್ಕದ ಮನೆಯೋರು ಹೇಳಿದ್ರು. ಆದ್ರೆ ಓದು ಬಿಡಿಸಿದ್ದು ನಿಮ್ಮಪ್ಪ ಶಿವಯೋಗಪ್ಪನೋರು, ನಾನಲ್ಲ. ಅವ್ರಿಗೆ ನಾನು ಹೇಳಿದ್ದೆ, ಜಾಣೆ ಹುಡುಗಿ, ಓದಿಸ್ರಿ ಅಂತ.

ಹಂಗೆ ನೋಡಬ್ಯಾಡವ್ವ. ಏನಾದ್ರೂ ಅನ್ನು. ಬೈದ್ರೂ ಸರಿ...

ಗೊತ್ತೈತಾ ನಿನಗೆ? ನಿಮ್ಮಪ್ಪ ಹೇಳಿದ್ರಾ?

ಅನ್ನಲಿಲ್ಲ. ಓದಿಸ್ರಿ ಅಂತ ನಾನು ಅನ್ನಲಿಲ್ಲ. ನೀನು ಕ್ಲಾಸಿನಾಗ ಎದ್ದು ನಿಂತ ಮರುದಿನ ಮಂಡಿಪೇಟೆಯಾಗ ಅವ್ರು ಸಿಕ್ಕಿದ್ರು. 'ಹೆಂಗದಾಳ್ರೀ ಮೇಷ್ಟ್ರೇ, ನಮ್ಮ ಹುಡುಗಿ?' ಅಂದ್ರು. ನನ್ನ ಹೊಟ್ಟೆ ಇನ್ನೂ ಉರೀತಿತ್ತು. 'ಸ್ವಲ್ಪ ಚೆಲ್ಲು' ಅಂದೆ. ಅಷ್ಟೇ. ನೀನು ಒಬ್ಬ ಹುಡುಗನ ಜೊತೆ ನಿಂತು ಮಾತಾಡಿದ್ದನ್ನೂ ನಾನು ಕಂಡೋನಲ್ಲ.

ಯಾಕ ಹಂಗಂತೀರಿ ಅಂತ ಅವ್ರು ಕೇಳಿದ್ರೆ ಆ ಮಾತು ವಾಪಸ್ ತಗೋತಿದ್ನೇನೋ... ಕೇಳಲಿಲ್ಲ. ಕೈಚೀಲ ಎತ್ತಿಕೊಂಡು ನೆಟ್ಟಗೆ ನಿಮ್ಮೂರು ಆವರಗೆರೆ ದಾರಿ ಹಿಡಿದ್ರು.