ತೂತು ಬಿದ್ದ ನೋಟು

ಚಿತ್ರಗಳಿಗೆ ಕಟ್ಟು ಹಾಕುವ ಅಂಗಡಿಯಲ್ಲಿ ನನ್ನ ಮುಂದೆ ಒಬ್ಬ ಅಕ್ಕ, ಅವಳ ತಮ್ಮ ಸರದಿ ಕಾಯುತ್ತಿದ್ದರು. ಅಕ್ಕನ ಒಂದು ಕೈಯಲ್ಲಿ ಯಾವುದೋ ದೂರದೇಶದ ನೋಟು, ಇನ್ನೊಂದರಲ್ಲಿ ಮದುವೆಯ ಫೋಟೊ. ಎರಡರಲ್ಲೂ ಮುಖವೊಂದು ಇರಬೇಕಾದಲ್ಲಿ ದುಂಡನೆಯ ತೂತು.

"ಅಪ್ಪ ಕೂಡಿಟ್ಟ ಅಷ್ಟು ನೋಟಲ್ಲಿ ಇದೇ ಬೇಕಿತ್ತಾ ನಿಂಗೆ?" ಎಂದ ತಮ್ಮ.

"ಇದರ ಕಥೆ ಮರೆತ್ಯಾ? ದೊರೆ ದೇಶ ಬಿಟ್ಟು ಓಡಿಹೋದ. ಹೊಸ ನೋಟು ಬರೋವರೆಗೂ ಅವನ ಮುಖ ಕತ್ತರಿಸಿ ಹಳೇದನ್ನೇ ಚಲಾಯಿಸಿದ್ರು."

"ಅದು ದೇಶದ ಕಥೆ. ಭಾವನ ಮುಖಕ್ಯಾಕೆ ಕತ್ತರಿ ಹಾಕ್ದೆ?"

"ಅವರೂ ಓಡಿಹೋದವರೇ ಅಲ್ವೇನೋ."

"ಫೋಟೊನೇ ಬಿಸಾಕಬಹುದಿತ್ತು."

"ಅದರಲ್ಲಿ ನಾನಿದ್ದೀನಿ ಕಣೋ, ಲಕ್ಷಣವಾಗಿದ್ದೀನಿ. ನಾನ್ಯಾಕೆ ಕಸಕ್ಕೆ ಹೋಗ್ಲಿ?"

"ಚಿಕ್ಕಮ್ಮ ನೋಡಿದ್ರೆ ಊರೆಲ್ಲ ಆಡ್ಕೊಳ್ತಾರೆ."

"ಅವರ ಬಾಯಿಗೂ ಒಂದು ಕಟ್ಟು ಹಾಕ್ಸು."

ಅಷ್ಟರಲ್ಲಿ ಅಂಗಡಿಯವನು ಎರಡನ್ನೂ ಕೈಗೆತ್ತಿಕೊಂಡು ಅಳೆದ.

"ತೂತು ಕಾಣದ ಹಾಗೆ ಹಿಂದೆ ಬಣ್ಣದ ಕಾಗದ ಇಡಲಾ, ಅಮ್ಮಾ?"

"ಬೇಡಪ್ಪ. ಹಿಂದೆಯೂ ಗಾಜೇ ಹಾಕು. ನಮ್ಮನೆ ಗೋಡೆ ಕಾಣ್ಲಿ."

ತಮ್ಮ ಮುಂಗಡ ಕೊಟ್ಟು ರಸೀದಿ ಜೇಬಿಗಿಟ್ಟ. ಆಮೇಲೆ ಅವಳಿಗಾಗಿ ಬಾಗಿಲು ತೆರೆದು ಹಿಡಿದ.

"ಸರಿ ಬಾ, ಮೊಳೆ ನಾನೇ ಹೊಡೀತೀನಿ."

"ಹಜಾರದಲ್ಲಿ ಹೊಡಿ," ಎಂದು ಅಕ್ಕ ಮೆಟ್ಟಿಲಿಳಿದಳು. "ಚಿಕ್ಕಮ್ಮ ಕೂತ್ಕೊಳ್ಳೋ ಕುರ್ಚಿ ಎದುರಿಗೆ."